ಎಲ್ಲರನ್ನೂ ಸೇರಿಸಿ ಆಡಿಸುವುದು ಹೇಗೆ? ವಿಶೇಷ ಅಗತ್ಯವುಳ್ಳ ಮಕ್ಕಳ ತಂಡದ ಆಟ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಶಾಲೆಗಳ ಪಿ.ಟಿ. ಮೇಷ್ಟ್ರುಗಳು, ತರಗತಿ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಮತ್ತು ಪೋಷಕರಿಗಾಗಿ ಬರೆದದ್ದು. ದೊಡ್ಡ ಮೈದಾನ, ದುಬಾರಿ ಸಾಮಗ್ರಿ ಇದೆ ಎಂದುಕೊಂಡು ಬರೆದಿಲ್ಲ.

ನಮ್ಮ ಹುಡುಗನಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟಿದ್ದೇವೆ. ಅದೂ ಸೇರಿಸಿಕೊಂಡ ಹಾಗೇ ಅಲ್ಲವೇ?

ಅಲ್ಲ. ಸ್ಕೋರ್ ಬರೆಯುವುದು, ನೀರಿನ ಬಾಟಲಿ ಕಾಯುವುದು, ಚೆಂಡು ಎತ್ತಿ ಕೊಡುವುದು ಎಲ್ಲವೂ ಆಟದ ಹೊರಗಿನ ಕೆಲಸ. ಮೂರು ಸರದಿಯಲ್ಲಿ ಒಮ್ಮೆ ಬೇರೆ ಮಕ್ಕಳೂ ಅದನ್ನು ಮಾಡುತ್ತಾರೆ ಎಂದಾದರೆ ಸರಿ, ಯಾವಾಗಲೂ ಅವನೊಬ್ಬನಿಗೇ ಮೀಸಲು ಎಂದಾದರೆ ತಪ್ಪು.

ಪರೀಕ್ಷೆ ಮಾಡಲು ಒಂದು ಸುಲಭ ದಾರಿ ಇದೆ. ಆಟ ಶುರುವಾದ ಮೇಲೆ 10 ನಿಮಿಷ ಬೇರೇನೂ ನೋಡದೆ ಆ ಮಗು ಚೆಂಡು ಮುಟ್ಟಿದ್ದನ್ನಷ್ಟೇ ಎಣಿಸಿ. ಜೊತೆಗೆ ತಂಡದ ಸಾಧಾರಣ ಆಟಗಾರನೊಬ್ಬನದ್ದೂ ಎಣಿಸಿ. ಅವನು 12 ಸಲ ಮುಟ್ಟಿ ಇವನು ಒಂದೇ ಸಲ ಮುಟ್ಟಿದ್ದರೆ ಇವನು ಅಂಕಣದೊಳಗೆ ನಿಂತ ಪ್ರೇಕ್ಷಕ. ಎರಡನೆಯ ಲೆಕ್ಕ ಇನ್ನೂ ಮುಖ್ಯ: ಮುಟ್ಟಿದಾಗ ಚೆಂಡು ಯಾರಿಗೆ, ಎಲ್ಲಿಗೆ ಎಂದು ತೀರ್ಮಾನಿಸಿದವರು ಯಾರು? ಪಕ್ಕದಲ್ಲಿ ನಿಂತವನು ಕೈ ಹಿಡಿದು ಎಸೆಸಿದ್ದರೆ ಆ ಮುಟ್ಟನ್ನು ಲೆಕ್ಕದಿಂದ ತೆಗೆಯಿರಿ.

ಇದು ಕಡ್ಡಾಯವೇ, ಶಾಲೆಯ ಇಷ್ಟವೇ?

ಕಡ್ಡಾಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕ್ರೀಡೆ ಮತ್ತು ಮನರಂಜನೆಯಲ್ಲಿ ಇತರ ಮಕ್ಕಳಷ್ಟೇ ಸಮಾನ ಅವಕಾಶ ಕೊಡಬೇಕು ಎಂದು ಅದರ 16ನೇ ಸೆಕ್ಷನ್ ಶಾಲೆಗಳಿಗೆ ಹೇಳುತ್ತದೆ. ಕ್ರೀಡೆಗೆಂದೇ 30ನೇ ಸೆಕ್ಷನ್ ಇದೆ. ಆದರೆ ಮೈದಾನದಲ್ಲಿ ಕೆಲಸ ನಡೆಯುವುದು ಸೆಕ್ಷನ್ ಓದಿ ಹೇಳಿದರೆ ಅಲ್ಲ, ಆದ್ದರಿಂದ ಮುಂದಕ್ಕೆ ಹೋಗೋಣ.

ಯಾವ ಆಟದಿಂದ ಶುರು ಮಾಡಬೇಕು?

ಥ್ರೋಬಾಲ್‌ನಿಂದ. ನಮ್ಮ ಶಾಲೆಗಳಲ್ಲಿ ಹೇಗೂ ಕಂಬ, ಬಲೆ, ಚೆಂಡು ಇರುತ್ತವೆ. ಚೆಂಡನ್ನು ಹಿಡಿದು ನಿಲ್ಲಲು ನಿಯಮವೇ ಅವಕಾಶ ಕೊಡುತ್ತದೆ, ಎದುರಾಳಿ ಮೈಮೇಲೆ ಬೀಳುವುದಿಲ್ಲ, ನಡುವೆ ಬಲೆ ಇದೆ. ಕಬಡ್ಡಿ, ಫುಟ್‌ಬಾಲ್‌ಗಳಲ್ಲಿ ಎಲ್ಲವೂ ಏಕಕಾಲಕ್ಕೆ ಚಲಿಸುತ್ತಿರುತ್ತದೆ. ಯಾರು ನಮ್ಮವರು, ಯಾರು ಅವರವರು ಎಂದು ಪ್ರತಿ ಕ್ಷಣ ಲೆಕ್ಕ ಹಾಕಬೇಕು. ನಿಧಾನವಾಗಿ ಗ್ರಹಿಸುವ ಮಗು ಸೋಲುವುದು ಅಲ್ಲೇ, ಓಟದಲ್ಲಲ್ಲ.

ಮಾಮೂಲು ಥ್ರೋಬಾಲ್‌ನಲ್ಲಿ ಒಂದು ಕಡೆ 7 ಜನ, ಚೆಂಡು ಹಿಡಿದಿಟ್ಟುಕೊಳ್ಳಲು 3 ಸೆಕೆಂಡ್. ಇದನ್ನು ಹೀಗೆ ಬದಲಿಸಿ:

ಅಂಕಣ 9 ಮೀಟರ್ ಉದ್ದ, 6 ಮೀಟರ್ ಅಗಲ ಸಾಕು. ಒಂದು ಕಡೆಗೆ 5 ಜನ. ಬಲೆಯ ಬದಲು 1.5 ಮೀಟರ್ ಎತ್ತರದಲ್ಲಿ ಹಗ್ಗ ಕಟ್ಟಿ ಒಂದೊಂದು ಅಡಿಗೆ ಬಣ್ಣದ ಬಟ್ಟೆಯ ಚೂರು ನೇತುಹಾಕಿ. ಬರೀ ಹಗ್ಗ ಮಂದದೃಷ್ಟಿಯ ಮಗುವಿಗೆ ಕಾಣುವುದಿಲ್ಲ, ಓಡಿಬಂದರೆ ಕುತ್ತಿಗೆಗೆ ಸಿಗುತ್ತದೆ. ಹಳೆಯ ವಾಲಿಬಾಲ್‌ನ ಗಾಳಿ ಸ್ವಲ್ಪ ಇಳಿಸಿ, ಹೆಬ್ಬೆರಳು ಒತ್ತಿದರೆ ಅರ್ಧ ಇಂಚು ಒಳಹೋಗುವಷ್ಟು. ಬಿಗಿ ಚೆಂಡು ಅಂಗೈಗೆ ಬಡಿದು ಪುಟಿದುಹೋಗುತ್ತದೆ, ಮೆತ್ತನೆಯದು ಕೈಯಲ್ಲಿ ಕೂರುತ್ತದೆ. ಮೊದಲ ಎರಡು ವಾರ ನೆಲಕ್ಕೆ ಒಂದು ಪುಟ ಬಿದ್ದ ಮೇಲೆ ಹಿಡಿದರೂ ಸರಿ ಎನ್ನಿ, ಹಿಡಿದಿಡುವ ಸಮಯ 6 ಸೆಕೆಂಡ್ ಮಾಡಿ. ಮೂರನೇ ವಾರದಿಂದ ಸಮಯ ಇಳಿಸುತ್ತಾ ಬನ್ನಿ. ಒಂದು ಸಲಕ್ಕೆ ಒಂದೇ ನಿಯಮ ಬದಲಾಗಲಿ. ಸಮಯವನ್ನೂ ಹಗ್ಗದ ಎತ್ತರವನ್ನೂ ಒಟ್ಟಿಗೇ ಬದಲಿಸಿದರೆ ಯಾವುದರಿಂದ ಎಡವಟ್ಟಾಯಿತು ಎಂದು ನಿಮಗೇ ತಿಳಿಯುವುದಿಲ್ಲ.

ಹೀಗೆ ಮಾಡಿದರೂ ಚುರುಕಿನ ಮಕ್ಕಳೇ ಎಲ್ಲಾ ಚೆಂಡು ಹಿಡಿಯುತ್ತಾರೆ. ಏನು ಮಾಡುವುದು?

ಅವರನ್ನು ಬೈದು ಪ್ರಯೋಜನವಿಲ್ಲ. ಚೆಂಡು ಬಂದರೆ ಮಗುವಿನ ಕಾಲು ತಾನಾಗಿಯೇ ಅತ್ತ ಹೋಗುತ್ತದೆ, ಅದು ಕೆಟ್ಟ ಬುದ್ಧಿಯಲ್ಲ. ನೆಲವನ್ನೇ ಹಂಚಿಬಿಡಿ. ಸುಣ್ಣದ ಪುಡಿಯಲ್ಲಿ ಪ್ರತಿಯೊಬ್ಬರಿಗೂ 2 ಮೀಟರ್ ಅಡ್ಡಳತೆಯ ಒಂದು ವೃತ್ತ ಬರೆಯಿರಿ. ನನ್ನ ವೃತ್ತಕ್ಕೆ ಬಂದ ಚೆಂಡು ನನ್ನದು, ಬೇರೆಯವರು ಕೈ ಚಾಚಿದರೆ ಎದುರು ತಂಡಕ್ಕೆ ಅಂಕ. ಮಳೆಗಾಲದಲ್ಲಿ ಸುಣ್ಣ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಆಗ ಹಗ್ಗವನ್ನೇ ಸುತ್ತಾಗಿ ಇಡುವ ಯೋಚನೆ ಮಾಡಬೇಡಿ, ಕಾಲಿಗೆ ತೊಡರುತ್ತದೆ. ವೃತ್ತದ ನಡುವಿಗೆ ಒಂದು ಬಣ್ಣದ ಗುರುತು ಇಟ್ಟು, ಅಲ್ಲಿಂದ ಎರಡು ಹೆಜ್ಜೆ ನಿನ್ನ ಜಾಗ ಎನ್ನಿ. ಅಡಿಕೆ ಹಾಳೆಯ ತುಂಡು ಬೇಡ, ಒದ್ದೆಯಾದರೆ ಅದರ ಮೇಲೆ ಕಾಲಿಟ್ಟವರು ಜಾರುತ್ತಾರೆ.

ಮುಂದಿನ ತೊಂದರೆ: ಎದುರು ತಂಡದವರು ಬೇಕೆಂದೇ ಆ ಮಗುವಿನ ಕಡೆಗೇ ಎಸೆಯುತ್ತಾರೆ. ಮೊದಮೊದಲು ತಡೆಯಬೇಡಿ! ಅವನಿಗೆ ಚೆಂಡು ಸಿಗುವುದು ನಮಗೆ ಬೇಕಿದ್ದದ್ದೇ. ಅತಿಯಾದರೆ, ಒಂದೇ ವೃತ್ತಕ್ಕೆ ಸತತ ಎರಡು ಸಲ ಎಸೆಯುವಂತಿಲ್ಲ ಎಂಬ ನಿಯಮ ತನ್ನಿ. ಅದು ಎಲ್ಲರ ವೃತ್ತಕ್ಕೂ ಅನ್ವಯಿಸಲಿ.

ಇನ್ನೊಂದು: ಚೆಂಡು ಹೋದ ಕೂಡಲೇ ನಾಲ್ಕು ಜನ ನಾಲ್ಕು ಕಡೆಯಿಂದ “ಹಿಡಿ ಹಿಡಿ, ಎಸಿ, ಇಲ್ಲಿ ಕೊಡೋ” ಎಂದು ಕೂಗುತ್ತಾರೆ. ಆ ಗದ್ದಲದಲ್ಲಿ ಮಗು ಹಿಡಿದ ಚೆಂಡನ್ನೂ ಬಿಡುತ್ತದೆ. ಪ್ರತಿ ತಂಡಕ್ಕೆ ಒಬ್ಬನೇ ಕರೆಯುವವ. ಅವನು ಮೊದಲು ಹೆಸರು ಕರೆಯಬೇಕು, ಆಮೇಲೆ ಒಂದೇ ಮಾತು ಹೇಳಬೇಕು.

ಒಂದು ತಂಡದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಎಷ್ಟಿರಬೇಕು?

ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆಂದು 1968ರಲ್ಲಿ ಶುರುವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ‘ಯೂನಿಫೈಡ್ ಸ್ಪೋರ್ಟ್ಸ್’ ಎಂಬ ವಿಭಾಗವಿದೆ. ಅಲ್ಲಿ ಐವರ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ನಲ್ಲಿ ಅಂಕಣದೊಳಗೆ 3 ಅಥ್ಲೀಟ್‌ಗಳು (ಬೌದ್ಧಿಕ ಅಂಗವೈಕಲ್ಯವುಳ್ಳವರು), 2 ಜೊತೆಗಾರರು (ಅದಿಲ್ಲದವರು). ವಾಲಿಬಾಲ್‌ನಲ್ಲಿ 3 ಮತ್ತು 3. ತಂಡದವರ ವಯಸ್ಸು ಮತ್ತು ಕೌಶಲ ಹತ್ತಿರಹತ್ತಿರ ಇರಬೇಕು ಎನ್ನುವುದು ಅದರ ತಿರುಳು. ತಾಲ್ಲೂಕು ಮಟ್ಟದ ಆಟಗಾರನನ್ನು ಜೊತೆಗಾರನಾಗಿ ಹಾಕಿದರೆ ಅವನು ಒಬ್ಬನೇ ಆಡಿ ಗೆಲ್ಲಿಸುತ್ತಾನೆ.

ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಒಟ್ಟು ಮಕ್ಕಳೇ ಇಪ್ಪತ್ತು ದಾಟುವುದಿಲ್ಲ. ಅಂಥಲ್ಲಿ ಈ ಅನುಪಾತ ಹಿಡಿದು ಕೂರಬೇಡಿ. ಐದರಿಂದ ಏಳನೇ ತರಗತಿಯವರನ್ನು ಬೆರೆಸಿ ಮೂರು ಮೂರು ಜನರ ತಂಡ ಮಾಡಿ. ತಂಡ ಚಿಕ್ಕದಾದಷ್ಟೂ ಚೆಂಡು ಬೇಗ ಬೇಗ ಎಲ್ಲರ ಕೈಗೆ ಬರುತ್ತದೆ. ಸಣ್ಣ ಶಾಲೆಗಿರುವ ನಿಜವಾದ ಅನುಕೂಲ ಇದು. ತಂಡವನ್ನು ಮಕ್ಕಳೇ ಆರಿಸಲು ಮಾತ್ರ ಬಿಡಬೇಡಿ. ಕೊನೆಗೆ ಯಾರು ಉಳಿಯುತ್ತಾರೆ ಎಂದು ಎಲ್ಲರಿಗೂ ಗೊತ್ತು.

ಅವನಿಗಾಗಿ ನಿಯಮ ಬದಲಿಸಿದರೆ ಉಳಿದವರಿಗೆ ಅನ್ಯಾಯವಲ್ಲವೇ? ಅವನು ಗೋಲು ಹಾಕಿದರೆ ಎರಡು ಅಂಕ ಕೊಡಬಹುದೇ?

ಎಲ್ಲರೂ ಒಪ್ಪಿ, ಆಟಕ್ಕೆ ಮುಂಚೆಯೇ ಹೇಳಿ ಬದಲಿಸಿದ ನಿಯಮದಲ್ಲಿ ಅನ್ಯಾಯವಿಲ್ಲ. ಆಟದ ನಡುವೆ ಕರುಣೆ ಬಂದು ಬದಲಿಸಿದ್ದು ಅನ್ಯಾಯ, ಆ ಮಗುವಿಗೂ. ಗೋಲ್‌ಕೀಪರ್ ಬೇಕೆಂದೇ ಪಕ್ಕಕ್ಕೆ ಸರಿದು ಗೋಲು ಬಿಟ್ಟುಕೊಟ್ಟು ಎಲ್ಲರೂ ಚಪ್ಪಾಳೆ ಹೊಡೆಯುವುದಿದೆಯಲ್ಲ, ಅದು ಮಗುವಿಗೆ ಗೊತ್ತಾಗದು ಎಂದುಕೊಳ್ಳಬೇಡಿ.

ದುಪ್ಪಟ್ಟು ಅಂಕದ ಮಾತಿಗೆ ಅಂಧರ ಕ್ರಿಕೆಟ್ ನೋಡಿ. ಅಲ್ಲಿ ಪೂರ್ಣ ಅಂಧ ಆಟಗಾರ, ಅಂದರೆ ಬಿ1 ವರ್ಗದವರು ಗಳಿಸಿದ ರನ್ ದುಪ್ಪಟ್ಟಾಗುತ್ತದೆ. ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಬಿ1 ಇರಲೇಬೇಕು. ಅದು ಎರಡೂ ತಂಡಕ್ಕೂ ಅನ್ವಯಿಸುವ, ತಂತ್ರಗಾರಿಕೆಯನ್ನೇ ಬದಲಿಸುವ ನಿಯಮ, ಯಾರೋ ಕೊಟ್ಟ ಉಡುಗೊರೆಯಲ್ಲ. ಶಿವಮೊಗ್ಗದ ಅಂಧರ ಶಾಲೆಯಲ್ಲಿ ಓದಿ, ಭಾರತ ತಂಡದ ನಾಯಕನಾಗಿ 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದು, 2017ರಲ್ಲಿ ಪದ್ಮಶ್ರೀ ಪಡೆದ ಶೇಖರ್ ನಾಯಕ್ ಆಡಿದ್ದು ಈ ನಿಯಮದಡಿಯ ಆಟವನ್ನೇ. ನಿಮ್ಮ ಶಾಲೆಯಲ್ಲಿ ಒಬ್ಬ ಮಗುವಿಗಷ್ಟೇ ದುಪ್ಪಟ್ಟು ಕೊಡುವುದಕ್ಕಿಂತ, ತಂಡದ ಮೂವರ ಕೈ ದಾಟಿದ ಚೆಂಡಿಗೆ ಮಾತ್ರ ಅಂಕ ಎನ್ನಿ. ಆಗ ಎಲ್ಲರಿಗೂ ಎಲ್ಲರೂ ಬೇಕಾಗುತ್ತಾರೆ.

ಕಣ್ಣು ಕಾಣದ ಮಗುವಿಗೆ ಸದ್ದಿನ ಚೆಂಡು ಇಲ್ಲದಿದ್ದರೆ?

ಮಾಮೂಲು ಚೆಂಡನ್ನು ಗರಗರ ಸದ್ದು ಮಾಡುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಾಗಿ ಗಂಟು ಕಟ್ಟಿ. ಉರುಳುವಾಗ ಚೆನ್ನಾಗಿ ಕೇಳಿಸುತ್ತದೆ. ಗಾಳಿಯಲ್ಲಿ ಹಾರುವಾಗ ಕೇಳಿಸುವುದಿಲ್ಲ, ಹಾಗಾಗಿ ನೆಲದ ಮೇಲಿನ ಆಟಕ್ಕೆ ಮಾತ್ರ. ಕ್ರಿಕೆಟ್ ಆಡಿಸುವುದಾದರೆ ಅಂಧರ ಕ್ರಿಕೆಟ್‌ನ ಕ್ರಮವನ್ನೇ ತೆಗೆದುಕೊಳ್ಳಿ: ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳು, ಕೈ ಕೆಳಗಿನಿಂದ ಎಸೆತ, ಎಸೆಯುವ ಮುನ್ನ ಬೌಲರ್ “ರೆಡಿ?” ಎನ್ನಬೇಕು, ಬ್ಯಾಟ್ಸ್‌ಮನ್ “ಯೆಸ್” ಅಂದ ಮೇಲೆ “ಪ್ಲೇ” ಎಂದು ಹೇಳಿ ಎಸೆಯಬೇಕು.

ಪೂರ್ಣ ಸಮಾನತೆಗೆ ಗೋಲ್‌ಬಾಲ್, ಅಂದರೆ ಗೆಜ್ಜೆಯ ಚೆಂಡನ್ನು ನೆಲದ ಮೇಲೆ ಉರುಳಿಸಿ ಎದುರಿನವರ ಗೋಲಿಗೆ ಸೇರಿಸುವ ಆಟ. 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ, ಒಂದು ಕಡೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ. ಗೆರೆಗಳನ್ನು ದಾರದ ಮೇಲೆ ಟೇಪ್ ಅಂಟಿಸಿ ಮಾಡುತ್ತಾರೆ, ಕಾಲಿಗೆ, ಕೈಗೆ ತಿಳಿಯಲಿ ಎಂದು. ಕಣ್ಣು ಕಾಣುವ ಮಕ್ಕಳು ಪಟ್ಟಿ ಕಟ್ಟಿಕೊಂಡು ತಡವರಿಸುವಾಗ ಕಾಣದ ಹುಡುಗಿ ಸಲೀಸಾಗಿ ಚೆಂಡು ತಡೆಯುತ್ತಾಳೆ, ಅವಳ ಅಭ್ಯಾಸವೇ ಹೆಚ್ಚು.

ಆದರೆ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಸದ್ದಿನ ಚೆಂಡು ಹೆಚ್ಚುಕಡಿಮೆ ನಿರುಪಯುಕ್ತ. ಮಳೆಯ ಅಬ್ಬರದಲ್ಲಿ ಗೆಜ್ಜೆಯೂ ಕೇಳದು, ಕವರೂ ಕೇಳದು. ಮಳೆ ಹೊಳವಾಗುವ ಹೊತ್ತಿಗೆ ಆಡಿಸಿ, ಇಲ್ಲವೇ ಮುಂದೆ ಹೇಳುವ ಬೋಚಾ ಆಡಿಸಿ.

ಕಿವಿ ಕೇಳದ ಮಗು ಒಂದು, ಸೀಟಿ ಊದಿದರೆ ಕಿವಿ ಮುಚ್ಚಿ ಕೂರುವ ಆಟಿಸಂ ಇರುವ ಮಗು ಇನ್ನೊಂದು. ಇಬ್ಬರನ್ನೂ ಹೇಗೆ ನಿಭಾಯಿಸುವುದು?

ಸೀಟಿ ಬಿಟ್ಟು ಬಾವುಟ ಹಿಡಿಯಿರಿ. ಇಬ್ಬರ ಸಮಸ್ಯೆಗೂ ಅದೊಂದೇ ಉತ್ತರ. ಕೆಂಪು ಎತ್ತಿದರೆ ನಿಲ್ಲು, ಹಸಿರು ಎತ್ತಿದರೆ ಆಡು. ಮೊದಲ ಮೂರು ದಿನ ಆಟವನ್ನೇ ಆಡಿಸದೆ ‘ನಿಲ್ಲು, ಓಡು’ ಮಾತ್ರ ಮಾಡಿಸಿ.

ಕಬಡ್ಡಿಯಲ್ಲಿ ಉಸಿರು ಕಟ್ಟಿ “ಕಬಡ್ಡಿ ಕಬಡ್ಡಿ” ಎನ್ನಬೇಕಲ್ಲ, ಮಾತು ಬಾರದ ಮಗು ಏನು ಮಾಡುವುದು ಎಂದು ಕೇಳುತ್ತಾರೆ. ಒಂದು ಕೈಯಿಂದ ತೊಡೆ ತಟ್ಟುತ್ತಲೇ ಇರಲಿ. ತಟ್ಟುವುದು ನಿಂತರೆ ಉಸಿರು ಬಿಟ್ಟಂತೆ. 30 ಸೆಕೆಂಡ್ ಆದ ಕೂಡಲೇ ಬಾವುಟ. ಶ್ರವಣಯಂತ್ರವನ್ನು ಮೈಗೆ ಮೈ ತಾಗುವ ಆಟಕ್ಕೆ ಮುಂಚೆ ತೆಗೆದು ಡಬ್ಬಿಯಲ್ಲಿಡಿ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸಿದ ಶ್ರವಣ ಸಾಧನ) ಆಗಿರುವ ಮಗುವಿನ ತಲೆಗೆ ಪೆಟ್ಟು ಬೀಳಬಾರದು, ಕಬಡ್ಡಿ ಬದಲು ಥ್ರೋಬಾಲ್ ಇರಲಿ.

ಆಟಿಸಂ ಇರುವ ಮಗುವಿಗೆ ಮುಂದೇನು ಎಂಬುದು ಮೊದಲೇ ಗೊತ್ತಿರಬೇಕು. ರಟ್ಟಿನ ಮೇಲೆ ಐದು ಚಿತ್ರ ಅಂಟಿಸಿ: ಶೂ, ಓಟ, ಎಸೆತ, ಆಟ, ನೀರು. ಒಂದೊಂದು ಮುಗಿದಂತೆ ಆ ಚಿತ್ರವನ್ನು ಅವನೇ ಮಗುಚಲಿ. ಆಟ ಮುಗಿಯುವ 2 ನಿಮಿಷ ಮುಂಚೆ ಹೇಳಿ. ಉದ್ದನೆಯ ಸಾಲಿನಲ್ಲಿ ನಿಲ್ಲಿಸಿ ಸರದಿ ಕಾಯಿಸಬೇಡಿ. ಸಾಲಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಇದ್ದರೆ ಗಲಾಟೆ ಶುರುವಾಗುವುದು ಅಲ್ಲಿಂದಲೇ, ಅದು ಯಾವ ಮಕ್ಕಳಾದರೂ ಸರಿ.

ಗಾಲಿಕುರ್ಚಿ ನಮ್ಮ ಅಂಗಳದಲ್ಲಿ ಉರುಳುವುದೇ ಇಲ್ಲ.

ಉರುಳದು. ಮುಂದಿನ ಸಣ್ಣ ಚಕ್ರಗಳು ಕೆಮ್ಮಣ್ಣಿನಲ್ಲಿ ಹೂತು ಕುರ್ಚಿ ಮುಂದಕ್ಕೆ ಮಗುಚುವ ಅಪಾಯವೂ ಇದೆ. ಜಗಲಿ, ಸಮುದಾಯ ಭವನ, ಸಿಮೆಂಟಿನ ಅಂಗಳ ಹುಡುಕಿ. ಅಡಿಕೆ ಒಣಗಿಸುವ ಅಂಗಳ ಕೊಡುತ್ತೇವೆ ಎನ್ನುವ ಮನೆಯವರು ಊರಲ್ಲಿ ಸಿಗುತ್ತಾರೆ. ಆದರೆ ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಜಗಲಿಗೆ ಹೇಳಿಮಾಡಿಸಿದ ಆಟ ಬೋಚಾ. ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವವರಿಗಾಗಿ ಬೆಳೆದದ್ದು. ಒಂದು ಬಿಳಿ ಚೆಂಡನ್ನು ಮುಂದೆ ಎಸೆದು, ಒಂದು ತಂಡ 6 ಕೆಂಪು, ಇನ್ನೊಂದು 6 ನೀಲಿ ಚೆಂಡುಗಳನ್ನು ಅದರ ಹತ್ತಿರಕ್ಕೆ ಸೇರಿಸಬೇಕು. ಅಧಿಕೃತ ಅಂಕಣ 12.5 ಮೀಟರ್ ಉದ್ದ, 6 ಮೀಟರ್ ಅಗಲ. ಜಗಲಿಯಲ್ಲಿ 2 ಮೀಟರ್ ಅಗಲದಲ್ಲೇ ಆಡಬಹುದು. ಚೆಂಡಿನ ತೂಕ ಸುಮಾರು 275 ಗ್ರಾಂ. ದಪ್ಪ ಕಾಲುಚೀಲದಲ್ಲಿ ಹುಣಸೆ ಬೀಜ ತುಂಬಿ ಅದೇ ತೂಕಕ್ಕೆ ಹೊಲಿದರೆ ಕೈಯಿಂದ ಎಸೆಯುವ ಮಕ್ಕಳಿಗೆ ಆಗುತ್ತದೆ. ಅಕ್ಕಿ ಬೇಡ, ಹುಳ ಬೀಳುತ್ತದೆ.

ಕೈಯಲ್ಲಿ ಎಸೆಯಲಾಗದ ಮಗುವಿಗೆ ಇಳಿಜಾರು ಬೇಕು. 4 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಅಥವಾ ನೀರು ಹರಿಸಲು ಬಳಸುವ ತಿರುಳು ತೆಗೆದ ಅಡಿಕೆ ದಬ್ಬೆಯನ್ನೇ ಐದಾರು ಅಡಿಗೆ ಕತ್ತರಿಸಿ ಒಂದು ತುದಿಯನ್ನು ಕುರ್ಚಿಯ ಮೇಲಿಡಿ. ದಬ್ಬೆಯ ಒಳಮೈಯನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಸಿಬಿರು ಕೈಗೆ ಹೊಕ್ಕರೆ ಕೀಳುವುದು ಕಷ್ಟ. ಹುಣಸೆ ಬೀಜದ ಚೆಂಡು ಇದರಲ್ಲಿ ಉರುಳದೆ ಅರ್ಧಕ್ಕೇ ಕೂರುತ್ತದೆ, ಟೆನಿಸ್ ಅಥವಾ ರಬ್ಬರ್ ಚೆಂಡು ಬಳಸಿ.

ಇಲ್ಲಿ ತಪ್ಪುವುದು ಒಂದೇ ಕಡೆ. ದಬ್ಬೆ ಹಿಡಿದ ಸಹಾಯಕ ತಾನೇ ಗುರಿ ನೋಡಿ ತಿರುಗಿಸಿಬಿಡುತ್ತಾನೆ. ಬೋಚಾದ ನಿಯಮದಂತೆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಇರಬೇಕು, ಹಿಂತಿರುಗಿ ನೋಡುವಂತಿಲ್ಲ. ಎಡಕ್ಕೆ, ಬಲಕ್ಕೆ, ಸಾಕು, ಎಲ್ಲವನ್ನೂ ಮಗು ಮಾತಿನಲ್ಲಿ, ಕಣ್ಣಿನಲ್ಲಿ, ತಲೆಯಾಡಿಸಿ ಹೇಳಬೇಕು. ಹೇಳಲು ಒಂದು ನಿಮಿಷ ಹಿಡಿದರೂ ಕಾಯಿರಿ. ಚಳಿಗಾಲದ ಬೆಳಿಗ್ಗೆ ಸೆರೆಬ್ರಲ್ ಪಾಲ್ಸಿಯ ಮಕ್ಕಳ ಸ್ನಾಯು ಇನ್ನಷ್ಟು ಬಿಗಿಯಾಗಿರುತ್ತದೆ. ಆಟಕ್ಕೆ ಮುನ್ನ 10 ನಿಮಿಷ ನಿಧಾನವಾಗಿ ಕೈಕಾಲು ಆಡಿಸಿ, ಜಗ್ಗಬೇಡಿ.

ಮಳೆಗಾಲದಲ್ಲಿ ನಾಲ್ಕು ತಿಂಗಳು ಏನು ಆಡಿಸುವುದು?

ಕೂತು ಆಡುವ ವಾಲಿಬಾಲ್. ಎಲ್ಲರೂ ನೆಲದ ಮೇಲೆ ಕೂರಬೇಕು, ಚೆಂಡು ಮುಟ್ಟುವಾಗ ಪೃಷ್ಠದಿಂದ ಭುಜದವರೆಗಿನ ಯಾವುದಾದರೂ ಭಾಗ ನೆಲಕ್ಕೆ ತಾಗಿರಬೇಕು. ಅಧಿಕೃತ ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ, ಬಲೆ ಗಂಡಸರಿಗೆ 1.15, ಹೆಂಗಸರಿಗೆ 1.05 ಮೀಟರ್. ಬೆಂಚು ಸರಿಸಿದ ತರಗತಿಯಲ್ಲಿ ಮೂರು ಮೂರು ಜನ ಆಡಬಹುದು. ಚೆಂಡಿನ ಬದಲು ಬಲೂನು ತೆಗೆದುಕೊಂಡು, ಊದುವ ಮುನ್ನ ಒಳಗೆ ಹತ್ತಿಪ್ಪತ್ತು ರಾಗಿ ಕಾಳು ಹಾಕಿ. ಬಲೂನು ನಿಧಾನ ಇಳಿಯುತ್ತದೆ, ಸದ್ದೂ ಮಾಡುತ್ತದೆ. ಒಡೆದರೆ ಬೆಚ್ಚುವ ಮಕ್ಕಳಿದ್ದರೆ ಮೇಲೆ ತೆಳು ಬಟ್ಟೆಯ ಚೀಲ ಹೊದಿಸಿ. ಹೊರಗೆ ಆಡಿಸುವುದಾದರೆ ಪಾಚಿ ಕಟ್ಟಿದ ಜಾಗವನ್ನು ಮೊದಲು ನೀವೇ ಕಾಲಲ್ಲಿ ಉಜ್ಜಿ ನೋಡಿ.

ಯಾವ ಅಪಾಯಗಳ ಬಗ್ಗೆ ಮೊದಲೇ ಗೊತ್ತಿರಬೇಕು?

ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಿರುತ್ತದೆ. ವೈದ್ಯರು ನೋಡಿ ಹೇಳುವವರೆಗೆ ತಲೆಯಿಂದ ಚೆಂಡು ಹೊಡೆಯುವುದು, ಪಲ್ಟಿ, ಕಬಡ್ಡಿಯ ಹಿಡಿತ ಬೇಡ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಅದನ್ನೂ ವಿಚಾರಿಸಿ.

ಫಿಟ್ಸ್ ಬಂದರೆ ಗಡಿಯಾರ ನೋಡಿಕೊಳ್ಳಿ, ತಲೆಯ ಕೆಳಗೆ ಮೆತ್ತನೆಯದ್ದೇನಾದರೂ ಇಡಿ, ಮಗ್ಗುಲಿಗೆ ತಿರುಗಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡವೇ ಬೇಡ. 5 ನಿಮಿಷ ದಾಟಿದರೆ 108. ನಿಮ್ಮ ಶಾಲೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ಇವತ್ತೇ ನೋಡಿಡಿ.

ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಕೂಡಿಕೊಂಡಿರದ ತೊಂದರೆ) ಅಥವಾ ಬೆನ್ನುಹುರಿ ಪೆಟ್ಟಿನಿಂದ ಕಾಲಿನ ಸ್ಪರ್ಶ ಹೋದ ಮಗುವಿಗೆ ಉಂಬಳ ಕಚ್ಚಿದ್ದೂ ತಿಳಿಯದು, ಕಲ್ಲು ತರಚಿದ್ದೂ ತಿಳಿಯದು. ಆಟ ಮುಗಿದ ಮೇಲೆ ಕಾಲುಚೀಲ ಬಿಚ್ಚಿಸಿ ಪಾದ, ಹಿಮ್ಮಡಿ, ಬೆರಳ ಸಂದು ನೋಡಿ. ಕೂತು ಆಡುವಾಗ ಹದಿನೈದು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಿಸಿ.

ಬೇಸಿಗೆಯ ಕಡೆಗೆ ಇನ್ನೊಂದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕಾಡಂಚಿನ ಶಾಲೆಯಲ್ಲಿ ತರಗೆಲೆಯ ಮೇಲೆ, ಹುಲ್ಲಿನ ಮೇಲೆ ಕೂತು ಆಡಿಸಬೇಡಿ.

ಆಟದ ನಡುವೆ ಮಗು ಎದ್ದು ಹೋಗಿಬಿಡುತ್ತದೆ.

ಹೋಗಲು ಒಂದು ಜಾಗ ಗೊತ್ತು ಮಾಡಿಕೊಡಿ: ಮರದ ಬುಡದ ಕಲ್ಲು, ಜಗಲಿಯ ಮೂಲೆ. ಅಲ್ಲಿಗೆ ಹೋದರೆ ಯಾರೂ ಕರೆಯಬಾರದು. ತಾನಾಗಿ ಬಂದಾಗ ಅದೇ ವೃತ್ತಕ್ಕೆ ಸೇರಿಸಿಕೊಳ್ಳಿ. ಹೋದ ಹೊತ್ತನ್ನು ಒಂದು ವಾರ ಬರೆದಿಟ್ಟು ನೋಡಿ. ದಿನಾ ಎಂಟನೇ ನಿಮಿಷಕ್ಕೇ ಹೋಗುತ್ತಿದ್ದರೆ ಏಳನೇ ನಿಮಿಷಕ್ಕೆ ಎಲ್ಲರಿಗೂ ನೀರಿನ ಬಿಡುವು ಕೊಡಿ.

ಪೋಷಕರು “ಬಿದ್ದು ಕೈಕಾಲು ಮುರಿದುಕೊಂಡರೆ?” ಎಂದು ಒಪ್ಪುವುದಿಲ್ಲ.

ಹೆದರಿಕೆ ಸಹಜ. ಮಾತಿನಲ್ಲಿ ಒಪ್ಪಿಸಲು ಹೋಗಬೇಡಿ, ಒಂದು ಪೀರಿಯಡ್ ಬಂದು ಕೂತು ನೋಡಲು ಕರೆಯಿರಿ. ಔಷಧಿ ಯಾವುದು, ಎಷ್ಟು ಹೊತ್ತಿಗೆ, ಏನು ಕಂಡರೆ ಹೆದರುತ್ತದೆ, ಸುಸ್ತಾದರೆ ಹೇಗೆ ತಿಳಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿಲ್ಲ. ಮನೆಯವರಾಗಲಿ, ಅಡುಗೆ ಅಮ್ಮನವರಾಗಲಿ ಬೇಲಿಯಾಚೆ ನಿಂತು “ಅಯ್ಯೋ ಪಾಪ” ಎನ್ನದಂತೆ ಮಾತ್ರ ನಯವಾಗಿ ಹೇಳಿ.

ಸಹಾಯಕ್ಕೆ ಯಾರನ್ನು ಕೇಳುವುದು?

ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇರುವ ಬಿಐಇಆರ್‌ಟಿ ಅವರನ್ನು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಇರುವ ಸಂಪನ್ಮೂಲ ಶಿಕ್ಷಕರನ್ನು. ಮಗುವಿನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಕಾಣಿ. ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ಸ್ಪರ್ಧೆಗಳಿಗೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಇದೆ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆಂದು ನವೆಂಬರ್ ಕೊನೆಯಲ್ಲಿ ಅಭ್ಯಾಸ ಶುರು ಮಾಡಿ 4ನೇ ತಾರೀಖಿಗೆ ಚೆಂಡು ಕಪಾಟಿಗೆ ಸೇರಿಸುವುದಾದರೆ ಇವರ್ಯಾರನ್ನೂ ಕೇಳುವ ಅಗತ್ಯವಿಲ್ಲ.

ಸಾಮಗ್ರಿ ಮಳೆಗಾಲದಲ್ಲಿ ಹಾಳಾಗುತ್ತದೆ. ಹೇಗೆ ಕಾಪಾಡುವುದು?

ಹುಣಸೆ ಬೀಜವನ್ನು ತುಂಬುವ ಮುನ್ನ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಬೂಷ್ಟು ಬರುತ್ತದೆ. ಚೆಂಡುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಕಣ್ಣಿನ ಪಟ್ಟಿಗಳನ್ನು ಪ್ರತಿ ಮಗುವಿಗೂ ಬೇರೆ ಬೇರೆ ಇಟ್ಟು ವಾರಕ್ಕೊಮ್ಮೆ ತೊಳೆಯಿರಿ, ಕೆಂಗಣ್ಣು ಬಂದವರಿಗೆ ಆ ವಾರ ಗೋಲ್‌ಬಾಲ್ ಬೇಡ. ಹಗ್ಗಕ್ಕೆ ಕಟ್ಟಿದ ಬಟ್ಟೆಯ ಬಣ್ಣ ಮಾಸಿದರೆ ಬದಲಿಸಿ. ಮಂದದೃಷ್ಟಿಯ ಮಕ್ಕಳಿಗೆ ಮಂಜು ಮುಸುಕಿದ ಬೆಳಿಗ್ಗೆ ಕಡು ಹಳದಿಯಷ್ಟು ಚೆನ್ನಾಗಿ ಬಿಳಿ ಕಾಣದು.